ತೆಂಡೆ ಲೆಕ್ಕ

2-8-93, ಸೋಮವಾರ, ಬೆಳಿಗ್ಗೆ 8-30

ಮಳೆ 4 ಮಿ.ಮೀ. ಗಾಳಿ ಪಡುವಲಿಂದ. ಮೋಡ ಅರ್ಧಕ್ಕರ್ಧ. ರಿಟೈರ್ ಆಗಿ ಮೂರು ವರ್ಷ. ಈ ಲೆಕ್ಕ ಯಾರಿಗೂ ಬೇಡ. ಆದರೂ ಎಂಟೂವರೆಗೆ ತಾರಸಿ ಹತ್ತಿ ಡಬ್ಬದ ನೀರು ಅಳೆಯದಿದ್ದರೆ ತಿಂಡಿ ಇಳಿಯಲ್ಲ. ಸೊಸೆ ಕೆಳಗಿಂದ ಕೂಗ್ತಾಳೆ — ‘ಮಾವ, ಇಡ್ಲಿ ಆರೋಯ್ತಾ ಅವೆ.’ ಆರಲಿ ಬಿಡು. ಅಬ್ಸರ್ವೇಷನ್ ಈಸ್ ಅಬ್ಸರ್ವೇಷನ್. ತೊಣ್ಣೂರು ಕೃಷಿ ಸಂಶೋಧನಾ ಉಪಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಫೀಲ್ಡ್‌ಮನ್ ಆಗಿದ್ದವನಿಗೆ ಉಳಿದ ಇಂಗ್ಲಿಷು ಇಷ್ಟೇ.

ಶನಿವಾರ ಡಾಕ್ಟರ್ ಚಲುವರಾಜು ಅವರ ಕಾರ್ಡು ಬಂತು. ಉಪಕೇಂದ್ರದಲ್ಲಿ ನನ್ನ ಸಾಹೇಬರಾಗಿದ್ದವರು, ಈಗ ಯೂನಿವರ್ಸಿಟೀಲಿ ಪ್ರೊಫೆಸರು. ಇನ್‌ಲ್ಯಾಂಡೂ ಅಲ್ಲ, ಕಾರ್ಡು. ಶಮೀಮ್ ಅಂತ ಅವರ ಕೈಕೆಳಗೆ ಪಿಎಚ್.ಡಿ. ಮಾಡೋ ಹುಡುಗಿ ಬರ್ತಾಳಂತೆ. 84ರ ಬೇಸಿಗೆ ರಾಗಿಯ ಫೀಲ್ಡ್ ಬುಕ್ಕು ತೋರಿಸಬೇಕಂತೆ. ‘ಕೈಂಡ್ಲಿ ಕೋ-ಆಪರೇಟ್.’ ಹೇಗಿದ್ದೀರಿ ಅಂತ ಒಂದು ಮಾತಿಲ್ಲ. ಈ ಮನುಷ್ಯ ಕಿಕ್ಕೇರಿಯಿಂದ ಡ್ಯೂಟಿಗೆ ಬಂದ ಹೊಸದರಲ್ಲಿ ಹೊಸ ಬೂಟು ಹಾಕ್ಕೊಂಡು ಕೆಸರಿಗೆ ಇಳಿದು ಸಿಕ್ಕಿಹಾಕ್ಕೊಂಡಾಗ ರಟ್ಟೆ ಹಿಡಿದು ದಡಕ್ಕೆ ಎಳೆದವನು ನಾನು. ಬೂಟು ಅಲ್ಲೇ ಉಳೀತು. ಆಮೇಲೆ ಬರಿಗಾಲಲ್ಲಿ ಇಳಿಯೋದು ಕಲಿತರು.

ಫೀಲ್ಡ್ ಬುಕ್ಕು ಟ್ರಂಕಿನಲ್ಲಿದೆ. ಆಫೀಸಿನವರು ರದ್ದಿಗೆ ಹಾಕ್ತಿದ್ದರು. ತಂದಿಟ್ಟುಕೊಂಡೆ.

5-8-93, ಗುರುವಾರ, ಸಂಜೆ

ಬಂದಿದ್ದಳು. ಶ್ರೀರಂಗಪಟ್ಟಣದವಳು, ಗಂಜಾಂ ಕಡೆ. ತಂದೆ ಸುಭಾನ್ ಸಾಬರದು ಸೈಕಲ್ ಶಾಪು. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಂದ ನಡೆದೇ ಬಂದಳು, ಒಂದು ಚೊಂಬು ನೀರು ಕುಡಿದಳು, ಕೂತ ತಕ್ಷಣ ಕೇಳಿದ್ದು — ‘ಸಾರ್, ನೀವು ಟಿಲ್ಲರ್ ಹೇಗೆ ಎಣಿಸಿದ್ರಿ?’

ಟಿಲ್ಲರಂತೆ. ನಾವು ತೆಂಡೆ ಅಂತೀವಿ ಕಣಮ್ಮ ಅಂದೆ. ರಾಗಿ ಬುಡದಿಂದ ಒಡೆಯೋ ಕವಲು. ಒಂದು ತೆಂಡೆ ಒಂದು ತೆನೆ. ತೆಂಡೆ ಜಾಸ್ತಿ ಒಡೆದರೆ ರಾಗಿ ಜಾಸ್ತಿ. ಕುಕ್ಕರಗಾಲಲ್ಲಿ ಕೂತು, ಬುಡದ ಮಣ್ಣು ಬೆರಳಲ್ಲಿ ಸರಿಸಿ, ಒಂದೊಂದೇ ಬಿಡಿಸಿ ಎಣಿಸಬೇಕು. ನಿಂತು ಎಣಿಸೋರು ಸುಳ್ಳರು.

‘ನಾನೂ ಕೂತೇ ಎಣಿಸಿದೆ ಸಾರ್’ ಅಂದಳು. ಧ್ವನಿ ಸಣ್ಣದಾಯ್ತು. ‘ಎರಡು ಬೇಸಿಗೆ. ನನಗೆ ಉಲ್ಟಾ ಬರ್ತಾ ಇದೆ.’

84ರ ಪ್ರಯೋಗ ಏನು ಅಂದರೆ — ನಾಟಿ ರಾಗಿ, ಎಂಟು ಪ್ಲಾಟು. ಬೇರು ಹಿಡಿದ ಮೇಲೆ ಒಂದು ಬಿಟ್ಟು ಒಂದು ಪ್ಲಾಟಿಗೆ ಇಪ್ಪತ್ತೊಂದು ದಿನ ನೀರೇ ಕೊಡಲಿಲ್ಲ. ಕೊನೆಗೆ ಎಣಿಸಿದರೆ ಒಣಗಿಸಿದ ಪ್ಲಾಟಲ್ಲೇ ತೆಂಡೆ ಹೆಚ್ಚು! ಯಾರೂ ನೆನೆಸದ ರಿಸಲ್ಟು. ಕುಯ್ಲಿಗೆ ಮೊದಲೇ ಹಂದಿ ನುಗ್ಗಿ ಪೂರ್ತಿ ಮೇದುಬಿಟ್ಟವು, ಇಳುವರಿ ತೂಗೋಕಾಗಲಿಲ್ಲ. ಪೇಪರು ತೆಂಡೆ ಲೆಕ್ಕದ ಮೇಲೇ ನಿಂತಿದೆ. ಫಾರಿನ್ ಜರ್ನಲ್ಲಿನಲ್ಲಿ ಬಂತು. ಕೊನೇ ಪುಟ ನಮ್ಮ ಗೋಡೆ ಮೇಲೆ ಫ್ರೇಮಿನಲ್ಲಿದೆ, ತೀರಿಕೊಂಡ ನನ್ನಾಕೆ ಯಶೋದೆ ಫೋಟೋ ಪಕ್ಕ. ‘ದಿ ಆಥರ್ ಥ್ಯಾಂಕ್ಸ್ ಶ್ರೀ ತಮ್ಮಯ್ಯ ಫಾರ್ ಪೇನ್ಸ್‌ಟೇಕಿಂಗ್ ಫೀಲ್ಡ್ ಅಸಿಸ್ಟೆನ್ಸ್.’ ಪೇನ್ಸ್‌ಟೇಕಿಂಗ್ ಅಂದರೇನು ಅಂತ ಆಗ ಡಿಕ್ಷನರಿ ತೆಗೆದು ನೋಡಿದ್ದೆ. ಇಂಟರ್‌ಮೀಡಿಯೆಟ್‌ನಲ್ಲಿ ಇಂಗ್ಲಿಷಲ್ಲಿ ಡುಮ್ಕಿ ಹೊಡೆದವನ ಹೆಸರು ಇಂಗ್ಲೆಂಡಿನಲ್ಲಿ ಅಚ್ಚು.

ಫ್ರೇಮು ತೋರಿಸಿದೆ. ಹುಡುಗಿ ಹೇಳಿದಳು — ‘ಈ ಪೇಪರ್ ಅರವತ್ತಮೂರು ಸಲ ಸೈಟ್ ಆಗಿದೆ ಸಾರ್.’

‘ಹಂಗಂದ್ರೆ?’

‘ಅರವತ್ತಮೂರು ಕಡೆ ಬೇರೆ ಸೈಂಟಿಸ್ಟುಗಳು ತಮ್ಮ ಪೇಪರಲ್ಲಿ ಇದರ ಹೆಸರು ಹೇಳಿದಾರೆ. ಬೆಂಗಳೂರಲ್ಲಿ ಲೈಬ್ರರಿಲಿ ದಪ್ಪ ದಪ್ಪ ಪುಸ್ತಕ ಇಟ್ಟಿದಾರೆ, ಯಾರು ಯಾರ ಹೆಸರು ಎತ್ತಿದಾರೆ ಅಂತ ಬರೀ ಅದೇ ಪಟ್ಟಿ. ಇರುವೆ ಸೈಜಿನ ಅಕ್ಷರ. ಮೂರು ದಿನ ಕೂತು ನಾನೇ ಎಣಿಸಿದೆ. ನಮ್ಮ ಸರ್ ಡೈರೆಕ್ಟರ್ ಪೋಸ್ಟಿಗೆ ಅರ್ಜಿ ಹಾಕ್ತಾ ಇದಾರಲ್ಲ.’

ರಾಗಿ ತೆಂಡೆ ಎಣಿಸೋಕೆ ಬಂದ ಹುಡುಗಿ ಕೈಲಿ ಹೆಸರು ಲೆಕ್ಕ ಹಾಕಿಸಿದ್ದಾರೆ.

6-8-93, ಶುಕ್ರವಾರ

ಮಳೆ ಇಲ್ಲ.

63. ನಮ್ಮಪ್ಪ ಸತ್ತಮೇಲೆ ಅವನ ಹೆಸರು ಅಷ್ಟು ಸಲ ಯಾರು ಎತ್ತಿದ್ದಾರೆ? ಜಪಾನಿನಲ್ಲಿ ಇಬ್ಬರಂತೆ. ಆಫ್ರಿಕಾದಲ್ಲಿ ಹನ್ನೊಂದು. ಅಂಕಿ ಎಲ್ಲ ನನ್ನ ಕೈಬರಹದ್ದು. ಡಾಕ್ಟರು ಬರೆದದ್ದು ಮಾತು, ಅಂಕಿ ನಂದು.

ಸೊಸೆಗೆ ಹೇಳಿದೆ. ‘ಅದುಕ್ಕೇನ್ ಕೊಟ್ರು ಮಾವ?’ ಅಂದಳು. ಯಶೋದೆ ಇದ್ದಿದ್ದರೆ... ಅವಳೂ ಅದನ್ನೇ ಕೇಳ್ತಿದ್ದಳು.

22-8-93, ಭಾನುವಾರ

ತೊಣ್ಣೂರಿಗೆ ಹೋಗಿದ್ದೆ. ರಿಟೈರಾದ ಮೇಲೆ ಮೊದಲ ಸಲ. ನಾನು ನೆಟ್ಟ ಹೊಂಗೆ ಕಡಿದು ಸೈಕಲ್ ಸ್ಟ್ಯಾಂಡ್ ಮಾಡಿದ್ದಾರೆ.

ಶಮೀಮ್ ಒಳ್ಳೆ ಕೆಲಸಗಾರ್ತಿ. ಎರಡು ವರ್ಷದ ರಾಗಿ ಬುಡಗಳನ್ನು ಬೇರು ಸಮೇತ ಒಣಗಿಸಿ, ಒಂದೊಂದಕ್ಕೂ ಚೀಟಿ ಕಟ್ಟಿ, ಗೋಣಿಚೀಲದಲ್ಲಿಟ್ಟಿದ್ದಾಳೆ. ನಾನು ಆ ಬುದ್ಧಿ ಮಾಡಲಿಲ್ಲ. ತಪ್ಪು ಹುಡುಕಿಯೇ ತೀರಬೇಕು ಅಂತ ನೆಲಕ್ಕೆ ಕೂತೆ. ನಲವತ್ತು ಬುಡ ಎಣಿಸಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಎಣಿಸಿದೆ. ಒಂದೇ ಒಂದು ತೆಂಡೆ ಆಚೀಚೆ ಇಲ್ಲ. ನೀರು ಕೊಟ್ಟದ್ದರಲ್ಲೇ ಹೆಚ್ಚು. ಒಣಗಿಸಿದ್ದರಲ್ಲಿ ಕಡಿಮೆ.

ಆದರೂ ಬಾಯಿಬಿಟ್ಟು ಹೇಳಲಿಲ್ಲ. ‘ನಿನ್ನ ಒಣಗಿಸಿದ ಪ್ಲಾಟಿಗೆ ತೀರ ಒಣಗು ಬಿದ್ದಿರಬೇಕು’ ಅಂದೆ. ಬಾಯಿಗೆ ಬಂದದ್ದು.

‘ಸರ್ ಕೂಡ ಹಾಗೇ ಅಂತಾರೆ. ತಮ್ಮಯ್ಯನ ಲೆಕ್ಕ ತಪ್ಪಲ್ಲ, ನೀನು ಇನ್ನೊಂದು ಬೇಸಿಗೆ ಮಾಡು ಅಂತಾರೆ.’ ಚೀಲದ ಬಾಯಿ ಕಟ್ಟುತ್ತ ಕಟ್ಟುತ್ತ ಹೇಳಿದಳು. ‘ಇನ್ನೊಂದು ಬೇಸಿಗೆ ಎಲ್ಲಿದೆ ಸಾರ್? ಡಿಸೆಂಬರ್ ಮೂವತ್ತೊಂದರೊಳಗೆ ಥೀಸಿಸ್ ಕೊಟ್ರೆ ಲೆಕ್ಚರರ್ ಕೆಲಸಕ್ಕೆ ಆ ಅರ್ಹತಾ ಪರೀಕ್ಷೆ ಬೇಡ. ಒಂದು ದಿನ ತಡ ಆದ್ರೂ ಬೇಕು. ಎರಡು ಸಲ ಬರೆದು ಫೇಲಾಗಿದೀನಿ. ಅಬ್ಬಾ ಈಗಲೇ ಕೇಳ್ತಾರೆ, ರಾಗಿ ಪೈರು ಎಣಿಸೋಕೆ ನಾಲ್ಕು ವರ್ಷ ಬೇಕೇನೇ ಅಂತ.’

ಬಸ್ಸಲ್ಲಿ ಬರುವಾಗ ಕೈಬೆರಳಲ್ಲಿ ಒಣ ರಾಗಿ ವಾಸನೆ. ಎಣಿಕೆ ಸರಿಯಿದೆ ಅಂತ ಹೇಳೋಕೆ ಏನಾಗಿತ್ತು ನನಗೆ?

4-9-93, ಶನಿವಾರ, ಮಧ್ಯಾಹ್ನ

ಸೊಸೆ ತವರಿಗೆ ಹೋಗಿದ್ದಾಳೆ. ಮನೇಲಿ ಯಾರೂ ಇಲ್ಲ. ಟ್ರಂಕು ತೆಗೆದೆ.

ಮಾರ್ಚ್ 84ರ ಹಾಳೆ. ‘ಕೌಂಟೆಡ್ ಬೈ: ತಮ್ಮಯ್ಯ.’ ಕೆಳಗೆ ನನ್ನ ಸೈನು, ಬಾಲ ಎಳೆದು.

ಸುಳ್ಳು. ಇಲ್ಲಿ ಬರೆದುಕೊಳ್ತೀನಿ, ಓದೋರು ಯಾರಿದ್ದಾರೆ. ನಾನು ಎಣಿಸಲಿಲ್ಲ.

ಯಶೋದೆ ಮೈಸೂರು ಆಸ್ಪತ್ರೇಲಿದ್ದಳು. ಇಪ್ಪತ್ತೊಂದನೇ ದಿನ ಎಣಿಸಲೇಬೇಕು, ಇಪ್ಪತ್ತೆರಡಕ್ಕೆ ಎಲ್ಲದಕ್ಕೂ ನೀರು ಬಿಡಬೇಕು. ರಜ ಮುಗಿದಿತ್ತು. ಗೆಳೆಯರು ನನ್ನ ಹಾಜರಿ ಹಾಕ್ತಿದ್ದರು. ಹಾಳೆ ಖಾಲಿ ಬಿಟ್ಟರೆ ಮೆಮೋ, ಮೆಮೋ ಬಂದರೆ ನಾನೆಲ್ಲಿದ್ದೆ ಅನ್ನೋ ವಿಚಾರಣೆ. ಅದಕ್ಕೆ ಕಳೆ ಕೀಳೋ ಚಿಕ್ಕಬೋರಮ್ಮಂಗೆ ಹೇಳಿ ಹೋಗಿದ್ದೆ. ಅಕ್ಷರ ಬರಲ್ಲ. ಇಪ್ಪತ್ತರ ಮೇಲೆ ಎಣಿಕೆ ಬಾಯಲ್ಲಿ ನಿಲ್ಲಲ್ಲ. ಆದರೆ ಕೈಯಿಂದ ಒಂದು ಕಳೆ ತಪ್ಪಿಸಿಕೊಂಡು ಹೋಗಿದ್ದಿಲ್ಲ. ಪ್ಲಾಟಿಗೆ ಹತ್ತು ಗುರುತಿನ ಬುಡ, ಒಂದು ತೆಂಡೆಗೆ ಒಂದು ಹುಣಸೆಬೀಜ, ಒಂದು ಪ್ಲಾಟಿಂದು ಒಂದು ಬಟ್ಟೆಗಂಟು ಅಂತ ಹೇಳಿಕೊಟ್ಟಿದ್ದೆ. ನಾನು ಬಂದದ್ದು ಹೆಣದ ಜೊತೆ. ಅವಳು ಬಂದು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿದ ಎಂಟು ಗಂಟು ಕೊಟ್ಟು, ಬಾಗಿಲಲ್ಲಿ ಕೂತು ಅತ್ತು ಹೋದಳು. ಮೊದಲ ಗಂಟಿಗೆ ಅರಿಶಿನ ಹಚ್ಚಿದ್ದಳು, ಇಲ್ಲಿಂದ ಶುರು ಅಂತ ಗೊತ್ತಾಗಲಿ ಅಂತ.

ಹನ್ನೊಂದನೇ ದಿನದ ಕಾರ್ಯ ಮುಗಿಸಿ, ತಲೆ ಬೋಳಿಸಿಕೊಂಡವನು, ನಡುಮನೇಲಿ ಹುಣಸೆಬೀಜ ಸುರಿದುಕೊಂಡು ಎಣಿಸ್ತಾ ಕೂತಿದ್ದೆ. ನನ್ನ ಭಾವಮೈದ ‘ಇವನಿಗೆ ಈಗ ಚೌಕಾಬಾರ ಬೇಕಾ’ ಅಂತ ಎದ್ದು ಹೋದ. ಅರಿಶಿನದ ಗಂಟು ಪ್ಲಾಟ್ ನಂಬರ್ ಒಂದಕ್ಕೆ, ಮುಂದಿನದು ಎರಡಕ್ಕೆ. ಹಂಗೇ ಬರೆದೆ. ಸೈನು ಹಾಕಿದೆ. ನಕಲು ಡಾಕ್ಟರಿಗೆ ಪೋಸ್ಟ್ ಮಾಡಿದೆ.

ಬೀಜದ ಲೆಕ್ಕ ತಪ್ಪಿಲ್ಲ. ಮೂರು ಸಲ ಎಣಿಸಿದ್ದೆ.

ಹಾಗಾದರೆ?

12-9-93, ಭಾನುವಾರ, ಸಂಜೆ

ನಾಗಮಂಗಲಕ್ಕೆ ಹೋಗಿಬಂದೆ. ಕಾಲು ಬಾತಿದೆ.

ಚಿಕ್ಕಬೋರಮ್ಮ ಈಗ ಅಲ್ಲಿಂದ ಮೂರು ಮೈಲಿ ಆಚೆ, ಮಗಳ ಊರಲ್ಲಿ. ಬಸ್ಸಲ್ಲಿ ಕರಿಯಯ್ಯ ಸಿಕ್ಕಿದ. ಹಳೇ ರೈತ, ಉಪಕೇಂದ್ರದ ಕ್ಷೇತ್ರೋತ್ಸವಕ್ಕೆ ತಪ್ಪದೆ ಬರ್ತಿದ್ದವನು. ಊಟಕ್ಕೆ ಬರ್ತಿದ್ದ ಅನ್ನೋದು ಬೇರೆ ಮಾತು.

‘ಏನ್ ತಮ್ಮಯ್ಯ, ಇನ್ನೂ ಇದ್ದೀಯಲ್ಲಪ್ಪ! ರಾಗಿಗೆ ಇಪ್ಪತ್ತೊಂದ್ ದಿನ ನೀರ್ ಬುಡಬ್ಯಾಡಿ ಅಂತ ಚೀಟಿ ಹಂಚ್ತಿದ್ರಲ್ಲಾ, ಅದೇನಾಯ್ತ್ಲಾ?’

‘ನೀನು ಬಿಡದೆ ನೋಡಿದ್ಯಾ?’

‘ನಂಗೇನ್ ತಲೆಕೆಟ್ಟಿತ್ತಾ? ನೀರ್ ಇದ್ದೂ ಬುಡದೆ ಇರಾಕೆ ನಾನೇನ್ ಗೌರ್ಮೆಂಟಾ?’

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ. ಪ್ರಪಂಚದಲ್ಲಿ ಅರವತ್ತಮೂರು ಜನ ನಂಬಿದ್ದಾರೆ. ರಾಗಿ ಬೆಳೆಯೋನು ಒಬ್ಬನೂ ನಂಬಲಿಲ್ಲ. ಆದರೆ ಕರಿಯಯ್ಯ ನಗೋದನ್ನ ಎಣಿಸಿ ಬರೆದಿಡೋಕೆ ಯಾವ ದಪ್ಪ ಪುಸ್ತಕ ಇದೆ?

ಚಿಕ್ಕಬೋರಮ್ಮ ಜಗಲಿ ಮೇಲೆ ಅಲಸಂದೆಕಾಯಿ ಬಿಡಿಸ್ತಿದ್ದಳು. ಒಂದು ಕಣ್ಣು ಮಂಜಾಗಿದೆ. ಧ್ವನಿ ಕೇಳಿಯೇ ಗುರುತು ಹಿಡಿದಳು.

‘ತಮ್ಮಯ್ಯಣ್ಣ ಅಲ್ವಾ? ಯಾಕಣ್ಣ, ಇನ್ನೂ ಕಳೆ ಉಳ್ಕೊಂಡದಾ?’

ಹುಣಸೆಬೀಜದ ಮಾತು ತೆಗೆದೆ, ಒಬ್ಬ ಹುಡುಗಿ ಅದರ ಮೇಲೆ ಪುಸ್ತಕ ಬರೀತಿದ್ದಾಳೆ ಅಂದೆ. ಮರೆತಿರಲಿಲ್ಲ. ಯಶೋದೆ ಸತ್ತ ವಾರ ಹೇಗೆ ಮರೀಲಿ ಅಂದಳು. ಎಲ್ಲಿಂದ ಶುರು ಮಾಡಿದೆ ಅಂತ ಕೇಳಿದೆ.

‘ಎಲ್ಲಿಂದ ಅಂದ್ರೆ? ಬಾವಿ ತಾವ್ಲಿಂದ. ಒತ್ತು ಉಟ್ಟೋ ಕಡೆಯಿಂದ ಅಲ್ವಾ ಒಲದ ಕೆಲ್ಸ ಸುರು ಮಾಡಾದು? ದೇವಮೂಲೆ ಬುಟ್ಟು ಗೇಟ್ ತಾವ್ಲಿಂದ ಯಾರಾರ ಸುರು ಮಾಡ್ತಾರಾ?’

ಆಫೀಸಿನ ನಕ್ಷೆಯಲ್ಲಿ ನಂಬರ್ ಒಂದು ಗೇಟಿನ ಪಕ್ಕ. ಎಂಟು ಬಾವಿ ಪಕ್ಕ. ಗೇಟು ಪಡುವಲಿಗೆ. ಬಾವಿ ಮೂಡಲಿಗೆ. ಒಂದು ಒಣ, ಎರಡು ನೀರು, ಮೂರು ಒಣ... ಎಂಟು ನೀರು. ಅವಳ ಅರಿಶಿನದ ಗಂಟು ಎಂಟನೇ ಪ್ಲಾಟಿಂದು. ನೀರಿನದು. ನಾನು ಅದನ್ನ ಒಂದಕ್ಕೆ ಬರೆದೆ. ಒಣಗಿಸಿದ್ದಕ್ಕೆ. ಎಂಟಕ್ಕೆ ಎಂಟೂ ತಿರುಗಾಮುರುಗಾ. ನೀರಿಂದೆಲ್ಲ ಒಣದ್ದಾಯ್ತು, ಒಣದ್ದೆಲ್ಲ ನೀರಿಂದಾಯ್ತು. ಒಂದೂ ಬಿಡದ ಹಾಗೆ.

ಅವಳ ಜೊತೆ ಇಪ್ಪತ್ತು ವರ್ಷ ಅದೇ ಹೊಲದಲ್ಲಿ ಕೆಲಸ ಮಾಡಿಸಿದೀನಿ. ದಿನಾ ಬಾವಿ ಕಡೆಯಿಂದಲೇ ಕೂರೋಳು. ಕಣ್ಣಾರೆ ನೋಡಿದೀನಿ.

‘ಯಾಕಣ್ಣ, ನನ್ನೆಣಿಕೆ ತಪ್ಪೋಗಿತ್ತಾ?’

‘ಇಲ್ಲ ಕಣಮ್ಮ, ಸರಿಯಾಗಿತ್ತು.’

‘ಅಂಗನ್ನು ಮತ್ತೆ! ಬೆನ್ನ್ ಬಿದ್ದೋಗಿತ್ತು ಅವತ್ತು. ಬೀಜ ಸಾಲ್ದೆ ಮೂರ್ ಮನೆ ತಿರುಗಿ ಇಸ್ಕೊಂಡ್ ಬಂದಿದ್ದೆ.’

ಅಲಸಂದೆಕಾಯಿ ಒಂದು ಸೇರು ಟವೆಲಿಗೆ ಕಟ್ಟಿ ಕೊಟ್ಟಳು.

18-10-93, ಸೋಮವಾರ

ತಿಂಗಳಿನ ಮೇಲಾಯ್ತು ಬರೆದು. ಮಳೆ ಲೆಕ್ಕವೂ ಇಲ್ಲ. ಡಬ್ಬ ತುಂಬಿ ಚೆಲ್ಲಿದೆ.

ಇವತ್ತು ಶಮೀಮ್ ಬಂದಳು. ಇಳಿದುಹೋಗಿದ್ದಾಳೆ. ಡಾಕ್ಟರು ಥೀಸಿಸ್ಸಿಗೆ ಸೈನು ಹಾಕಲ್ಲ ಅಂತ ಕೂತಿದ್ದಾರಂತೆ. ಅವರ ಹೆಸರಾಂತ ಪೇಪರನ್ನು ಅವರ ಸ್ಟೂಡೆಂಟೇ ಸುಳ್ಳು ಅಂದರೆ ಸೆಲೆಕ್ಷನ್ ಕಮಿಟಿ ಏನನ್ನುತ್ತೆ? ‘ಸಾರ್, ನಾನು ಅಂಕಿ ತಿದ್ದಿಬಿಡ್ಲಾ?’ ಅಂತ ನನ್ನನ್ನೇ ಕೇಳಿದಳು. ಕಣ್ಣು ನೆಲದಲ್ಲಿತ್ತು.

ತಡೆಯಲಾಗಲಿಲ್ಲ. ಹೇಳಿದೆ. ಹುಣಸೆಬೀಜ, ಗಂಟು, ಬಾವಿ, ಗೇಟು. ಹೇಳಿದೆ ಅಂತ ಬರೆದುಕೊಳ್ಳೋಕೆ ಸಂತೋಷ. ಆದರೆ ಹೇಗೆ ಹೇಳಿದೆ? ‘ಆ ಹೆಂಗಸು ಉಲ್ಟಾ ಕಟ್ಟಿಬಿಟ್ಟಿದ್ದಳು ಕಣಮ್ಮ’ ಅಂದೆ. ಬಾಯಿಂದ ಜಾರಿತು ಅನ್ನಲಾರೆ. ಬೆಪ್ಪನಲ್ಲ ನಾನು.

ಹುಡುಗಿ ಎದ್ದು ನಿಂತಳು. ಅತ್ತಳು, ನಕ್ಕಳು. ‘ಅಂದ್ರೆ ನಾನು ಎಣಿಸಿದ್ದು ಸರಿ! ಯಾ ಅಲ್ಲಾ! ಸಾರ್, ಇದನ್ನ ಬರೆದು ಕೊಡಿ. ಒಂದು ಹಾಳೆ ಸಾಕು.’

ನಾಳೆ ಬರೆದುಕೊಡ್ತೀನಿ ಅಂದೆ.

20-10-93, ಬುಧವಾರ

ಬರೆದೆ. ಇಂಗ್ಲಿಷಿನಲ್ಲಿ. ನಾಲ್ಕು ಹಾಳೆ ಹರಿದು ಐದನೇದು. ‘ಐ ಬೆಗ್ ಟು ಸ್ಟೇಟ್ ದಟ್ ಇನ್ ಮಾರ್ಚ್ 1984 ದಿ ಕೌಂಟಿಂಗ್ ವಾಸ್ ಡನ್ ಥ್ರೂ ಇಲ್ಲಿಟರೇಟ್ ಲೇಬರ್. ಡ್ಯೂ ಟು ದಿಸ್, ಸಮ್ ಮಿಸ್ಟೇಕ್ ಹ್ಯಾಸ್ ಕ್ರೆಪ್ಟ್ ಇನ್.’ ಅಕ್ಷರ ಬಾರದ ಕೂಲಿಯಾಳು ಎಣಿಸಿದ್ದರಿಂದ ಏನೋ ತಪ್ಪು ನುಸುಳಿದೆ ಅಂತ. ಓದಿಕೊಂಡೆ, ಚೆನ್ನಾಗಿದೆ. ಕೋರ್ಟಿನ ಕಾಗದದ ಹಾಗಿದೆ. ಕನ್ನಡದಲ್ಲಿ ಬರೆಯೋಕೆ ಕೂತಿದ್ದರೆ ‘ನಾನು’ ಅಂತ ಶುರು ಮಾಡಬೇಕಾಗ್ತಿತ್ತು.

ನಾನು ಎಲ್ಲಿದ್ದೆ ಅಂತ ಅದರಲ್ಲಿಲ್ಲ. ಹಾಜರಿ ವಿಷಯ ಇಲ್ಲ. ಯಶೋದೆ ಇಲ್ಲ.

ರಿಜಿಸ್ಟರ್ ಪೋಸ್ಟ್ ಮಾಡಿದೆ, ಯೂನಿವರ್ಸಿಟಿಗೆ.

14-11-93, ಭಾನುವಾರ

ಡಾಕ್ಟರ್ ಚಲುವರಾಜು ಬಂದಿದ್ದರು. ಕಾರಲ್ಲಿ. ಬೀದಿಯ ಜನ ಇಣುಕಿ ನೋಡಿದರು. ಕೂದಲು ಹಣ್ಣಾಗಿದೆ. ಯಶೋದೆ ಫೋಟೋಗೆ ಕೈ ಮುಗಿದರು. ನನ್ನ ರಿಜಿಸ್ಟರ್ ಕಾಗದ ಅವರ ಜೇಬಲ್ಲಿತ್ತು. ಯೂನಿವರ್ಸಿಟಿಗೆ ಹಾಕಿದ್ದು ಅವರ ಟೇಬಲಿಗೇ ಬಂದಿದೆ, ಅಭಿಪ್ರಾಯ ಬರೆದು ಕಳಿಸಿ ಅಂತ.

ರೇಗ್ತಾರೆ ಅಂತಿದ್ದೆ. ರೇಗಲಿಲ್ಲ. ಕಾಫಿ ಕುಡಿದು, ಕಿಕ್ಕೇರಿ ಮಾತಿಗೆ ಇಳಿದರು.

‘ಏನ್ ತಮ್ಮಯ್ಯ, ಅತ್ತ್ ವರ್ಸ ಆದ್ಮೇಲೆ ಇಂಗ್ ಮಾಡ್ಬುಟ್ರಲ್ಲ. ನಂಗೊಂದ್ ಮಾತ್ ಏಳ್ಬಾರ್ದಾಗಿತ್ತಾ?’

‘ನನಗೇ ಈಗ ಗೊತ್ತಾಯ್ತು ಸಾರ್.’

ಬ್ಯಾಗಿಂದ ಒಂದು ಫಾರಂ ತೆಗೆದು ಮುಂದಿಟ್ಟರು. ಡೈರೆಕ್ಟರ್ ಹುದ್ದೆಯ ಅರ್ಜಿ. ಕಾಲಂ ಕಾಲಂ. ಫಾರಿನ್ ಪೇಪರಿಗೆ ಹತ್ತು ಅಂಕ. ಇಂಡಿಯಾದ್ದಕ್ಕೆ ಐದು. ಸೈಟೇಷನ್ನಿಗೆ ಬೇರೆ. ರೈತರಿಗೆ ಬರೆದ ಕನ್ನಡ ಪುಸ್ತಿಕೆ — ಸೊನ್ನೆ. ‘ನೋಡಿ. ನಾನು ಹದಿನೇಳು ಕನ್ನಡ ಪುಸ್ತಿಕೆ ಬರ್ದಿದೀನಿ. ಕೀಟದ ಮೇಲೆ ಬರ್ದಿದ್ದು ಕೆ.ಆರ್. ಪೇಟೆ ಕಡೆ ಇವತ್ತೂ ಮನೆಮನೇಲಿ ಇದೆ. ಸೊನ್ನೆ. ಈ ಒಂದು ಪೇಪರ್ ತೆಗೆದ್ರೆ ನನ್ನತ್ರ ಏನಿದೆ ತಮ್ಮಯ್ಯ? ಆ ಕಮಿಟಿಲಿ ಒಬ್ರೂ ಇದನ್ನ ಓದಿಲ್ಲ. ಸೈಟ್ ಮಾಡಿದೋರೂ ಓದಿಲ್ಲ. ಎಷ್ಟು ಅಂತ ಕೇಳ್ತಾರೆ, ಏನು ಅಂತ ಯಾವನೂ ಕೇಳಲ್ಲ.’

ನಿಜ ಹೇಳ್ತಿದ್ದರು. ಅದೇ ಕಷ್ಟ. ಕೆಟ್ಟವನಾಗಿದ್ದಿದ್ದರೆ ಎದ್ದು ಹೋಗಿ ಅನ್ನಬಹುದಿತ್ತು.

‘ಆ ಹುಡುಗಿ ಗತಿ ಏನು ಸಾರ್?’

‘ನಾನೇನ್ ಕೊಂದಾಕ್ತೀನಾ? ಅವಳ ಅಂಕಿ ಅವಳು ಬರೀಲಿ. ನಾಳೇನೇ ಸೈನ್ ಆಕ್ತೀನಿ. 84ರದ್ದು ಉಲ್ಟಾ, ಪೇಪರ್ ವಾಪಸ್ ತಗೋಬೇಕು ಅಂತ ಮಾತ್ರ ಬರೀಬಾರ್ದು. ಒಂದು ಸೆಂಟೆನ್ಸು, ಅಷ್ಟೇ — ಅವತ್ತು ಕೂಲಿಯಾಳು ಎಣಿಸಿದ್ದು, ಚೂರುಪಾರು ಎಚ್ಚುಕಡಿಮೆ ಇರಬಹುದು ಅಂತ. ನೀವೇ ಬರ್ದಿದ್ದೀರಲ್ಲ ಇಲ್ಲಿ.’ ಬೆರಳಿಟ್ಟು ತೋರಿಸಿದರು. ‘ಇಲ್ಲಿಟರೇಟ್ ಲೇಬರ್. ಯಾರಿಗೂ ಏನೂ ಆಗಲ್ಲ. ನಂಗೂ, ಅವಳ್ಗೂ, ನಿಮ್ಗೂ.’

ನಿಮಗೂ ಅನ್ನೋವಾಗ ಸ್ವಲ್ಪ ತಡೆದು ಅಂದರು.

ನಾನು ಕಾಫಿ ಲೋಟ ಎತ್ತಿ ಒಳಗಿಟ್ಟು ಬಂದೆ. ಅವರು ಅದನ್ನ ಹೂಂ ಅಂತ ತಗೊಂಡರು. ಹೂಂ ಅಂತಲೇ ಇತ್ತು.

21-11-93

ಏನಿಲ್ಲ.

30-12-93, ಗುರುವಾರ, ಸಂಜೆ 6

ಶಮೀಮ್ ಬಂದು ಹೋದಳು. ಬೆಳಿಗ್ಗೆ ಥೀಸಿಸ್ ಕೊಟ್ಟುಬಂದಳಂತೆ. ಒಂದು ದಿನ ಉಳಿಸಿಕೊಂಡು. ಕಪ್ಪು ಬೈಂಡು, ಬಂಗಾರದ ಅಕ್ಷರ. ಸಿಹಿ ಡಬ್ಬ ತಂದಿದ್ದಳು. ಸಿಹಿ ತಂದವಳ ಮುಖ ಅಲ್ಲ ಅದು.

112ನೇ ಪುಟ ತಾನೇ ತೆಗೆದು ಕೊಟ್ಟಳು. ಓದಿದೆ. ಹಿಂದಿನ ಅಧ್ಯಯನಕ್ಕೂ ಇದಕ್ಕೂ ಇರುವ ವ್ಯತ್ಯಾಸಕ್ಕೆ ಮಣ್ಣು, ತಳಿ ಕಾರಣ ಇರಬಹುದು. ಅಲ್ಲದೆ ಆಗ ಎಣಿಕೆಯನ್ನು ತರಬೇತಿ ಇಲ್ಲದ ಅನಕ್ಷರಸ್ಥ ಕೂಲಿಯೊಬ್ಬಳು ಮಾಡಿದ್ದು, ಎಣಿಸುವುದರಲ್ಲಿ ಆಕೆಯಿಂದ ದೋಷಗಳಾಗಿರುವ ಸಾಧ್ಯತೆಯಿದೆ. ಇಂಗ್ಲಿಷಿನಲ್ಲಿ ಮೂರು ಸಾಲು. ಪಕ್ಕದಲ್ಲಿ ಬ್ರಾಕೆಟ್ಟು, ಚಲುವರಾಜು 1986.

‘ಇದರಿಂದ ಅರವತ್ತನಾಲ್ಕು ಆಯ್ತು ಸಾರ್’ ಅಂದಳು. ನಗ್ತಾಳೇನೋ ಅಂತ ನೋಡಿದೆ. ಇಲ್ಲ. ಸರಿಪಡಿಸೋಕೆ ಹೋಗಿ ಇನ್ನೊಂದು ಅಂಕ ಸೇರಿಸಿಕೊಟ್ಟಿದ್ದೀವಿ.

‘ಎರಡು ಸಲ ಬೇರೆ ಥರ ಬರೆದೆ. ಎರಡು ಸಲವೂ ಹೊಡೆದುಹಾಕಿದ್ರು. ಕ್ರಿಸ್‌ಮಸ್ ದಿನ ಟೈಪಿಂಗ್ ಅಂಗಡಿ ಬಾಗಿಲು ತೆಗೆಸಿ ಈ ಪುಟ ಬದಲಾಯಿಸಿದ್ದು. ನನ್ನನ್ನ ಕೆಟ್ಟೋಳು ಅನ್ಕೋಬೇಡಿ.’

‘ಇಲ್ಲ ಕಣಮ್ಮ.’

‘ಆ ಅಮ್ಮಂಗೆ ಗೊತ್ತಾಗಲ್ಲ ಅಲ್ವಾ ಸಾರ್?’

‘ಇಂಗ್ಲಿಷಲ್ಲಿದೆ. ಹೇಗೆ ಗೊತ್ತಾಗುತ್ತೆ’ ಅಂದೆ.

ಹೋದ ಮೇಲೆ ಸೊಸೆ ಸಿಹಿ ಕೊಟ್ಟಳು. ಬಾಯಿಗಿಟ್ಟೆ. ಏನಂತ ತಿನ್ನೋದು.

9-1-94, ಭಾನುವಾರ, ಮಧ್ಯಾಹ್ನ

ಚಿಕ್ಕಬೋರಮ್ಮ ಬಂದಿದ್ದಾಳೆ. ಈಗ, ಇಲ್ಲೇ, ಜಗಲಿ ಮೇಲೆ ಕೂತಿದ್ದಾಳೆ. ಅವಳ ಎದುರಿಗೇ ಬರೀತಿದೀನಿ.

ಮೇಲುಕೋಟೆಗೆ ಮಗಳ ಜೊತೆ ಹರಕೆ ತೀರಿಸೋಕೆ ಬಂದಿದ್ದಳಂತೆ. ನೇರ ವಾಪಸ್ ಹೋಗದೆ ಪಾಂಡವಪುರಕ್ಕೆ ಬಂದು ಇಳಿದು, ಫೀಲ್ಡ್‌ಮನ್ ತಮ್ಮಯ್ಯನ ಮನೆ ಯಾವುದು ಅಂತ ಕೇಳ್ಕೊಂಡು ಬಂದಿದ್ದಾಳೆ. ಸೊಸೆ ಊಟಕ್ಕಿಟ್ಟಳು. ಉಂಡು, ಕೈ ತೊಳೆದು, ನೆಟ್ಟಗೆ ಕೇಳಿದಳು.

‘ಅವತ್ತು ಅಷ್ಟು ದೂರ ಬಂದ್ ಕೇಳ್ದಲ್ಲಣ್ಣ, ನನ್ನೆಣಿಕೆ. ಅದು ಬುಕ್ಕಾಯ್ತದೆ, ಯಾರೋ ಎಣ್ಮಗ ಬರೀತಾವ್ಳೆ ಅಂದೆ. ಆಯ್ತಾ? ಏನಂತ ಬರುದ್ರು ನನ್ನ?’

ಚೆನ್ನಾಗಿ ಬರೆದಿದ್ದಾರೆ ಅನ್ನಬಹುದಿತ್ತು. ನಾಲಿಗೆ ತುದೀಲಿತ್ತು. ಅವಳು ಸುಖವಾಗಿ ಬಸ್ಸು ಹತ್ತೋಳು. ಆದರೆ ಆ ಮಂಜುಗಣ್ಣು ಬಿಟ್ಟು ಇನ್ನೊಂದು ಕಣ್ಣಲ್ಲಿ ನೋಡ್ತಿದ್ದಳು, ಕಳೆ ನೋಡೋ ಹಾಗೆ.

ಹೇಳಿದೆ. ಕನ್ನಡದಲ್ಲಿ, ಒಂದು ಮಾತೂ ಬಿಡದೆ. ಅನಕ್ಷರಸ್ಥ ಕೂಲಿ. ತಪ್ಪು ಎಣಿಸಿರಬಹುದು.

ಮಗಳು ‘ಏಳವ್ವ, ಬಸ್ ಒಂಟೋಯ್ತದೆ’ ಅಂದಳು. ಏಳಲಿಲ್ಲ.

‘ಅಕ್ಸರ ಬರಾಕಿಲ್ಲ, ಸರಿ. ಕೂಲಿ, ಸರಿ. ತಪ್ಪೆಣಿಸ್ದೆ ಅಂತ ಏಳ್ದೋರ್ಯಾರು? ನೀನೇ ಅಲ್ವಾ ಸರಿಯಾಗಿತ್ತು ಅಂದಿದ್ದು ನನ್ ಬಾಗಿಲ್ನಾಗೆ ಕೂತ್ಕೊಂಡು?’

‘ಹೂಂ.’

‘ಮತ್ತೆ ತಪ್ಪು ಯಾರ್ದು?’

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಲಿಲ್ಲ.

‘ನಿನ್ನೆಡ್ತಿ ಆಸ್ಪತ್ರೇಲಿ ಸಾಯ್ತಾ ಬಿದ್ದಿದ್ದಾಗ ನಿನ್ ಕೆಲ್ಸ ನಾನ್ ಮಾಡ್ದೆ. ಕಾಸ್ ಕೇಳ್ಲಿಲ್ಲ. ಈಗ್ಲೂ ಕೇಳಾಕಿಲ್ಲ. ತಗಿ ಪೆನ್ನ. ಬರಿ. ನಾನ್ ಏಳ್ತೀನಿ, ನೀನ್ ಬರಿ. ಆಮೇಲೆ ನನ್ನೆಬ್ಬೆಟ್ಟೂ ಒತ್ತುಸ್ಕೊ. ಅದ್ನ ಆ ಮಗೀಗೂ ಕಳ್ಸು, ಅವಳ್ ಮೇಷ್ಟ್ರುಗೂ ಕಳ್ಸು, ಆ ದೊಡ್ ಬುಕ್ಕು ಎಲ್ಲೈತೋ ಅಲ್ಗೂ ಕಳ್ಸು.’

ಹಾಳೆ ಹರಿದುಕೊಳ್ಳೋಕೆ ಬೇರೆ ಪುಸ್ತಕ ಇಲ್ಲ, ಇದರಲ್ಲೇ ಬರೆದು ಹರೀತೀನಿ. ಇಂಗ್ಲಿಷ್ ಬೇಡ.

‘ಬರ್ದಾ?’ ಅಂತ ಕೇಳ್ತಿದ್ದಾಳೆ. ಬರೀತಾ ಇದೀನಿ.

1984ನೇ ಇಸವಿ ಮಾರ್ಚ್ ತಿಂಗಳು, ತೊಣ್ಣೂರು ಉಪಕೇಂದ್ರ, ಬೇಸಿಗೆ ರಾಗಿ, ಎಂಟು ಪ್ಲಾಟು. ಎಣಿಸಿದವಳು ಚಿಕ್ಕಬೋರಮ್ಮ. ಬಾವಿ ಕಡೆಯಿಂದ ಶುರು ಮಾಡಿ, ಒಂದು ತೆಂಡೆಯನ್ನೂ ಬಿಡದೆ ಎಣಿಸಿದ್ದಾಳೆ. ಅವಳ ಎಣಿಕೆ ಸರಿ. ಅದನ್ನು ತಿರುಗಾಮುರುಗಾ ಬರೆದು, ತಾನೇ ಎಣಿಸಿದ್ದು ಅಂತ ಸೈನು ಹಾಕಿದವನು